ಏನು ತಿನ್ನುತ್ತೀರಿ ಎಂದರು, ಹೇಗೆ ಎನ್ನಲಿಲ್ಲ

"ಮನೇಲಿ ಕರಿ ಜಾಸ್ತಿ ತಿಂತೀರಾ?"

ಡಾಕ್ಟರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನಿನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ, ಒದ್ದೆಯಾದ ಜಾಕೆಟ್ಟಿನ ಜಿಪ್ಪಿನೊಂದಿಗೆ ಒದ್ದಾಡುತ್ತಿದ್ದೆ. ಅವರು ಕೇಳಿದ್ದು ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ, ನಗುತ್ತಲೇ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಕರಿ ಎನ್ನುವ ಅಡುಗೆ ನಮ್ಮ ಮನೆಯಲ್ಲಿ ಒಂದು ದಿನವೂ ಆದದ್ದಿಲ್ಲ. ಸಾರು ಆಗುತ್ತದೆ, ಹುಳಿ ಆಗುತ್ತದೆ, ಪಲ್ಯ, ಗೊಜ್ಜು, ಮಜ್ಜಿಗೆಹುಳಿ ಆಗುತ್ತವೆ. ಮೈಸೂರಿನಲ್ಲಿ ನಮ್ಮಮ್ಮ ಖಾರ ತಿನ್ನದವಳು. ನಾನೂ ಹಾಗೇ ಬೆಳೆದವಳು. ಇದನ್ನೆಲ್ಲ ಅವರಿಗೆ ಹೇಳಲು ಹತ್ತು ನಿಮಿಷದ ಭೇಟಿಯಲ್ಲಿ ಜಾಗವಿರಲಿಲ್ಲ. "ಅಷ್ಟೇನಿಲ್ಲ" ಎಂದೆ. ಅವರು ಕಂಪ್ಯೂಟರಿನಲ್ಲಿ ಏನನ್ನೋ ಬರೆದುಕೊಂಡರು. ಏನು ಬರೆದರು ಎಂಬುದು ನನಗೆ ಗೊತ್ತಾದದ್ದು ಎರಡು ವರ್ಷದ ಮೇಲೆ, ನನ್ನ ಫೈಲಿನ ಪ್ರತಿಯನ್ನು ಕೇಳಿ ತರಿಸಿಕೊಂಡಾಗ. "ಮಸಾಲೆ ಆಹಾರ ಸೇವನೆ" ಎಂದಿತ್ತು.

ತಪ್ಪು ನನ್ನದೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಏನು ತೊಂದರೆ ಎಂದು ಅವರು ಕೇಳಿದಾಗ ನಾನು ಹೇಳಿದ್ದು, "ಗ್ಯಾಸ್ಟ್ರಿಕ್" ಎಂದು. ನಮ್ಮ ಕಡೆ ಆ ಒಂದು ಪದದಲ್ಲಿ ಏನೆಲ್ಲ ಅಡಗಿದೆ! ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ಎದೆ ಹಿಡಿದರೆ ಗ್ಯಾಸ್ಟ್ರಿಕ್, ಬೆನ್ನು ಚುಚ್ಚಿದರೆ ಗ್ಯಾಸ್ಟ್ರಿಕ್, ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರಂತೂ ಅದೇ. ಐರ್ಲೆಂಡಿನ ಕಾರ್ಕ್ ನಗರದ ಡಾಕ್ಟರಿಗೆ ಆ ಪದ ಹೊಟ್ಟೆಯ ಆಸಿಡ್ ಆಗಿ ಕೇಳಿಸಿತು. ಆಮೇಲೆ ಅವರು ಪರದೆಯ ಮೇಲಿದ್ದ ಪಟ್ಟಿಯೊಂದನ್ನು ಓದುತ್ತಾ ಹೋದರು. ರಕ್ತ ವಾಂತಿ ಆಯಿತೇ? ಮಲ ಕಪ್ಪಗಿದೆಯೇ? ನುಂಗಲು ಕಷ್ಟವೇ? ಇಲ್ಲ, ಇಲ್ಲ, ಇಲ್ಲ ಎಂದೆ. ನುಂಗುವುದೆಂದರೆ ನನ್ನ ಲೆಕ್ಕದಲ್ಲಿ ಗಂಟಲಿನ ಕೆಲಸ. ಗಂಟಲಲ್ಲಿ ನನಗೆ ಏನೂ ಆಗುತ್ತಿರಲಿಲ್ಲ. ತುತ್ತು ಸಲೀಸಾಗಿ ಇಳಿಯುತ್ತಿತ್ತು. ಇಳಿದು ಎದೆಯ ನಡುವೆ ನಿಂತುಬಿಡುತ್ತಿತ್ತು. ಅದನ್ನು ನಾನು ಹೇಳಲಿಲ್ಲ, ಅವರು ಮತ್ತೊಂದು ಮಾತು ಕೇಳಲಿಲ್ಲ.

"ಆಸಿಡ್ ರಿಫ್ಲಕ್ಸ್. ಹೊಟ್ಟೆಯ ಆಮ್ಲ ಮೇಲಕ್ಕೆ ಬರ್ತಾ ಇದೆ. ಎಂಟು ವಾರ ಈ ಮಾತ್ರೆ ತಗೊಳ್ಳಿ" ಎಂದರು.

"ಟೆಸ್ಟ್ ಏನೂ ಬೇಡ್ವಾ ಡಾಕ್ಟರ್?"

"ಮಾತ್ರೆನೇ ಟೆಸ್ಟು. ಕಡಿಮೆ ಆದ್ರೆ ರಿಫ್ಲಕ್ಸ್ ಅಂತ ಖಾತ್ರಿ ಆಯ್ತು. ಯು ವಿಲ್ ಬಿ ಗ್ರ್ಯಾಂಡ್." ಎಲ್ಲ ಸರಿಹೋಗುತ್ತದೆ ಎನ್ನಲು ಇಲ್ಲಿನವರು ಹೇಳುವ ಮಾತು ಅದು.

ನಾನು ಸಾಫ್ಟ್‌ವೇರ್ ಟೆಸ್ಟರ್. ಯಾರೋ ಬರೆದ ಪ್ರೋಗ್ರಾಮು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಮಾತ್ರೆ ಕೊಟ್ಟು ನೋಡುವುದೂ ಒಂದು ಪರೀಕ್ಷೆ ಎಂಬುದನ್ನು ನಾನು ಒಪ್ಪಿದೆ. ಎಲ್ಲ ಎದೆಯುರಿಗೂ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಲು ಆಗುವುದಿಲ್ಲ, ಬಹಳ ಜನಕ್ಕೆ ಆ ಮಾತ್ರೆಯಿಂದಲೇ ಗುಣವಾಗುತ್ತದೆ ಎಂದು ಆಮೇಲೆ ಓದಿಯೂ ತಿಳಿದುಕೊಂಡೆ. ನನಗೆ ಅರ್ಥವಾಗದ್ದು ಒಂದೇ. ಕಡಿಮೆಯಾದರೆ ರಿಫ್ಲಕ್ಸ್ ಎಂದರಲ್ಲ, ಕಡಿಮೆಯಾಗದಿದ್ದರೆ ಏನು? ಅದಕ್ಕೆ ಸಿಕ್ಕ ಉತ್ತರ ಮೂರು ತಿಂಗಳ ಮೇಲೆ ಬಂತು: ಅದೇ ಮಾತ್ರೆ, ಎರಡರಷ್ಟು.

ನಾವಿರುವುದು ಕಾರ್ಕಿನ ಡಗ್ಲಸ್‌ನಲ್ಲಿ, ಶಾಪಿಂಗ್ ಸೆಂಟರಿನಿಂದ ನಡೆದು ಹೋಗುವಷ್ಟು ದೂರದ ಒಂದು ವಸತಿ ಬಡಾವಣೆಯಲ್ಲಿ. ನಾನು, ನನ್ನ ಗಂಡ, ಇಲ್ಲೇ ಹುಟ್ಟಿದ ಮಗಳು. ಆ ಎಂಟು ವಾರ ಮುಗಿಯುವ ಹೊತ್ತಿಗೆ ಅಡುಗೆಮನೆಯಿಂದ ಒಂದೊಂದೇ ವಸ್ತು ಹೊರಗೆ ಹೋಯಿತು. ಮೊದಲು ಹಸಿಮೆಣಸಿನಕಾಯಿ, ಆಮೇಲೆ ಟೊಮೇಟೊ, ಹುಣಸೆಹಣ್ಣು, ಕರಿದ ತಿಂಡಿ. ಕೊನೆಗೆ ಕಾಫಿ. ಅಕ್ಕ ಮೈಸೂರಿನಿಂದ ಪ್ರತಿ ಸಲ ಕಳಿಸಿಕೊಡುತ್ತಿದ್ದ ಕಾಫಿಪುಡಿಯ ಪೊಟ್ಟಣವನ್ನು ನಾನೇ ಕಟ್ಟಿ ಪಕ್ಕದ ಮನೆಯವರಿಗೆ ಕೊಟ್ಟುಬಂದೆ. ಅವತ್ತು ಮನೆಗೆ ಬಂದು ಸಿಂಕಿನ ಮುಂದೆ ನಿಂತು ಸುಮ್ಮನೆ ಅತ್ತಿದ್ದೆ.

ಅಕ್ಕನಿಗೆ ಫೋನಿನಲ್ಲಿ ಹೇಳಿದರೆ ಅವಳದೂ ಅದೇ ರಾಗ. "ಹೊತ್ತೊತ್ತಿಗೆ ತಿನ್ನಲ್ಲ ಕಣೇ ನೀನು. ಆಫೀಸು ಆಫೀಸು ಅಂತ ಕುಣೀತೀಯ. ರಾತ್ರಿ ಜೀರಿಗೆ ನೆನೆಹಾಕಿ ಬೆಳಿಗ್ಗೆ ಆ ನೀರು ಕುಡಿ."

"ಕುಡೀತಾ ಇದ್ದೀನಿ ಕಣಕ್ಕ."

"ಮತ್ತೆ ಯಾಕೆ ಹೋಗಿಲ್ಲ? ಯೋಚನೆ ಜಾಸ್ತಿ ಮಾಡ್ತೀಯ ನೀನು."

ಯೋಚನೆ ಜಾಸ್ತಿ ಮಾಡ್ತೀಯ. ಇದನ್ನು ಮುಂದೆ ಇಂಗ್ಲಿಷಿನಲ್ಲೂ ಕೇಳಿಸಿಕೊಳ್ಳಲಿದ್ದೆ.

ಅಷ್ಟರಲ್ಲಿ ಕೆಮ್ಮು ಶುರುವಾಯಿತು. ಮಲಗಿದರೆ ಕೆಮ್ಮು. ಬೆಳಗ್ಗೆ ದಿಂಬಿನ ಮೇಲೆ ಹಿಂದಿನ ರಾತ್ರಿಯ ಅನ್ನದ ಅಗುಳು ಕಾಣುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಯಾಕೆಂದರೆ ಆ ಅಗುಳಿನಲ್ಲೇ ಉತ್ತರವಿತ್ತು. ಅದು ಹುಳಿಯಾಗಿರಲಿಲ್ಲ. ತಟ್ಟೆಯಿಂದ ಎತ್ತಿಟ್ಟಂತೆ, ಹೊಟ್ಟೆಯನ್ನೇ ಕಾಣದ ಅನ್ನ. ಆಸಿಡ್ ಜೊತೆಗೆ ಮೇಲೆ ಬಂದ ಅನ್ನ ಹುಳಿಯಾಗಿರಬೇಕಲ್ಲ? ಕೆಮ್ಮಿಗೆಂದು ಹೋದಾಗ ಅದೇ ಕ್ಲಿನಿಕ್ಕಿನ ಬೇರೊಬ್ಬ ಡಾಕ್ಟರಿದ್ದರು. ಅಗುಳಿನ ಮಾತು ಹೇಳಿದೆ. "ರಿಫ್ಲಕ್ಸ್ ಇದ್ದವರಿಗೆ ಹಾಗೆ ಆಗತ್ತೆ" ಎಂದು ಇನ್ಹೇಲರ್ ಬರೆದುಕೊಟ್ಟರು. ರಿಫ್ಲಕ್ಸ್ ಎಂದು ಒಂದು ಸಲ ಫೈಲಿನಲ್ಲಿ ಕೂತುಬಿಟ್ಟರೆ ಮುಗಿಯಿತು. ಮುಂದಿನವರು ರೋಗಿಯನ್ನು ನೋಡುವುದಿಲ್ಲ, ಫೈಲನ್ನು ನೋಡುತ್ತಾರೆ.

ನನ್ನ ತೂಕ ಇಳಿಯುತ್ತಿತ್ತು. ಆ ವರ್ಷದ ಯುಗಾದಿಗೆ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಹಳೆಯ ರೇಷ್ಮೆ ರವಿಕೆ ತೋಳಲ್ಲಿ ಜೋಲುತ್ತಿತ್ತು, ಪಿನ್ನು ಹಾಕಿಕೊಂಡು ಹೋಗಿದ್ದೆ. ಬಾಗಿಲಲ್ಲೇ ಒಬ್ಬಳು ನನ್ನ ಸೊಂಟ ಹಿಡಿದುಕೊಂಡು, "ಏನೇ ಇದು, ಹುಡುಗಿ ಥರ ಆಗಿದ್ದೀಯ! ಯಾವ ಡಯಟ್ಟು? ನಮಗೂ ಹೇಳೇ" ಎಂದಳು. ಮೂರು ಜನ ಸುತ್ತ ನಿಂತರು. ಒಬ್ಬಳಿಗಾದರೂ ಇವಳಿಗೆ ಏನೋ ಆಗಿದೆ ಎಂದು ಅನ್ನಿಸಲಿಲ್ಲ. ಹೋಳಿಗೆ ಬಡಿಸಿದರು. ಅರ್ಧ ಹೋಳಿಗೆ ಎದೆಯಲ್ಲಿ ಸಿಕ್ಕಿಕೊಂಡು, ಟಾಯ್ಲೆಟ್ಟಿಗೆ ಹೋಗಿ ಗೋಡೆ ಹಿಡಿದು ನಿಂತೆ. ಹೊರಗೆ ಮೈಕಿನಲ್ಲಿ ಮಕ್ಕಳು ಹಾಡುತ್ತಿದ್ದರು.

ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಶಾಪಿಂಗ್ ಸೆಂಟರಿನಲ್ಲಿ ಮಗಳಿಗೆ ಶಾಲೆಯ ಶೂ ನೋಡುತ್ತಿದ್ದಾಗ, ಎದೆಯ ನಡುವೆ ಯಾರೋ ಮುಷ್ಟಿಯಲ್ಲಿ ಹಿಂಡಿದಂತಾಯಿತು. ನೋವು ಬೆನ್ನಿಗೆ ಹೋಯಿತು, ದವಡೆಗೆ ಬಂತು. ಬೆವರು ಕಿತ್ತುಕೊಂಡಿತು. ಅಂಗಡಿಯ ಹುಡುಗಿ ಕುರ್ಚಿ ತಂದು ಕೂರಿಸಿ, "ನಥಿಂಗ್ ಟು ವರಿ ಅಬೌಟ್, ಲವ್" ಎನ್ನುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಹೃದಯದ ರಕ್ತಪರೀಕ್ಷೆಯನ್ನು ಕೆಲವು ಗಂಟೆ ಬಿಟ್ಟು ಎರಡು ಸಲ ಮಾಡಿದರು. ಇದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಎದೆ ಹಿಡಿದುಕೊಂಡು ಬಂದವರಿಗೆ ಮೊದಲು ಹೃದಯವನ್ನೇ ನೋಡಬೇಕು, ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಿ ಸತ್ತವರು ನಮ್ಮ ನೆಂಟರಲ್ಲೇ ಇದ್ದಾರೆ.

ತಕರಾರಿರುವುದು ಆಮೇಲಿನದರ ಬಗ್ಗೆ. ಎಳೆಯ ವಯಸ್ಸಿನ ಡಾಕ್ಟರೊಬ್ಬರು ಬಂದರು. ಟ್ರಾಲಿಯ ಮೇಲೆ ಮಲಗಿದ್ದವಳು ನಾನು, ಅವರು ಮಾತಾಡಿದ್ದು ಪಕ್ಕದಲ್ಲಿ ನಿಂತಿದ್ದ ನನ್ನ ಗಂಡನೊಂದಿಗೆ.

"ಹಾರ್ಟ್ ಚೆನ್ನಾಗಿದೆ. ರಿಫ್ಲಕ್ಸ್ ಇದೆ ಅಂತ ನೋಟ್ಸಲ್ಲಿದೆ, ಅದೇ ಇರಬೇಕು. ಇವರು ಸ್ವಲ್ಪ ಟೆನ್ಷನ್ ಮಾಡಿಕೊಳ್ಳೋ ಸ್ವಭಾವದವರಾ?"

ನನ್ನ ಗಂಡ ನನ್ನ ಮುಖ ನೋಡಿದ. ನಾನು ಇಂಗ್ಲಿಷಿನಲ್ಲೇ ಹೇಳಿದೆ, "ನಾನು ಇಲ್ಲೇ ಇದ್ದೀನಿ. ನನ್ನನ್ನೇ ಕೇಳಿ."

"ಖಂಡಿತ" ಎಂದರು. ಕೇಳಲಿಲ್ಲ. ಎಂಡೋಸ್ಕೋಪಿಗೆ ಹೆಸರು ಬರೆಸಿದ್ದೇವೆ, ಪತ್ರ ಬರುತ್ತದೆ ಎಂದು ಹೇಳಿ ಪರದೆ ಸರಿಸಿಕೊಂಡು ಹೋದರು.

ಪತ್ರ ಬರಲು ಎಂಟು ತಿಂಗಳಾಯಿತು. ಆ ಎಂಟು ತಿಂಗಳಲ್ಲಿ ನಾನು ನನ್ನ ಕಸುಬಿನ ಬುದ್ಧಿಯನ್ನು ಉಪಯೋಗಿಸಲು ಶುರುಮಾಡಿದೆ. ಪ್ರತಿ ದಿನ ಬರೆದಿಟ್ಟೆ: ಏನು ತಿಂದೆ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ನಿಂತಿತು, ಹೇಗೆ ಇಳಿಯಿತು, ಏನು ವಾಪಸು ಬಂತು. ಬರೆಯುತ್ತ ಬರೆಯುತ್ತ ಗೊತ್ತಾದದ್ದೇನೆಂದರೆ, ಖಾರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಬರೀ ಮೊಸರನ್ನವೂ ನಿಲ್ಲುತ್ತಿತ್ತು. ಒಂದೊಂದು ದಿನ ನೀರು ಕೂಡ ನಿಲ್ಲುತ್ತಿತ್ತು.

ಆದರೂ ದೊಡ್ಡ ಸಂಗತಿಯನ್ನು ಕಂಡದ್ದು ನಾನಲ್ಲ, ಮಗಳು. ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದೆವು. ಅವಳು ತನ್ನ ತಟ್ಟೆ ಮುಗಿಸಿ ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ, ವೈ ಡು ಯು ಡು ದ ಜಿರಾಫ್ ಥಿಂಗ್?"

"ಏನೇ ಅದು ಜಿರಾಫು?"

ಅವಳು ಎದ್ದು ನಿಂತು ತೋರಿಸಿದಳು. ಬೆನ್ನು ನೆಟ್ಟಗೆ, ಎರಡೂ ಭುಜ ಹಿಂದಕ್ಕೆ, ಕತ್ತು ಉದ್ದ ಮಾಡಿ, ಗದ್ದ ಮೇಲೆತ್ತಿ, ಗಟಗಟ ನೀರು ಕುಡಿಯುವಂತೆ ನಟಿಸಿ, ಕಣ್ಣು ಮುಚ್ಚಿ ಕಾಯುವುದು. ಆಮೇಲೆ ಕೂತು ಮುಂದಿನ ತುತ್ತು. "ಯು ಡು ಇಟ್ ಎವ್ರಿ ಟೈಮ್, ಲೈಕ್" ಎಂದಳು, ಅಪ್ಪಟ ಕಾರ್ಕಿನ ರಾಗದಲ್ಲಿ. ತನ್ನ ಅಮ್ಮ ಊಟ ಮಾಡುವ ರೀತಿಯೇ ಅದು ಎಂದು ಇಷ್ಟು ದಿನ ಅಂದುಕೊಂಡಿದ್ದಳಂತೆ.

ನನ್ನ ಗಂಡ ಚಮಚ ಕೆಳಗಿಟ್ಟ. "ಹೌದು ಕಣೇ" ಎಂದ. "ನಾನೂ ನೋಡಿದ್ದೀನಿ. ಏನೋ ಅಭ್ಯಾಸ ಅಂದ್ಕೊಂಡೆ."

ನಾನೂ ಹಾಗೇ ಅಂದುಕೊಂಡಿದ್ದೆ. ಪ್ರತಿ ತುತ್ತಿಗೂ ಎದ್ದು ನಿಂತು ಮೈ ಎಳೆದು ನೀರಿನಿಂದ ಕೆಳಗೆ ತಳ್ಳುವುದನ್ನು ಮೈಯೇ ಕಲಿತುಕೊಂಡುಬಿಟ್ಟಿತ್ತು. ನುಂಗಲು ಕಷ್ಟವೇ ಎಂದು ಯಾರೋ ಕೇಳಿದರೆ ಇಲ್ಲ ಎನ್ನುತ್ತಿದ್ದೆ. ಹನ್ನೆರಡು ವರ್ಷದ ಹುಡುಗಿಗೆ ಕಂಡದ್ದು ಇಷ್ಟು ಡಾಕ್ಟರುಗಳಲ್ಲಿ ಯಾರಿಗೂ ಕಾಣಲಿಲ್ಲ, ಯಾಕೆಂದರೆ ಅವರಲ್ಲಿ ಯಾರೂ ನಾನು ಊಟ ಮಾಡುವುದನ್ನು ನೋಡಿರಲೇ ಇಲ್ಲ.

ಎಂಡೋಸ್ಕೋಪಿ ಆಯಿತು. ಗಂಟಲಿಗೆ ಬಾಳೆಹಣ್ಣಿನ ವಾಸನೆಯ ಸ್ಪ್ರೇ ಹೊಡೆದರು, ಕೈಗೆ ನಿದ್ದೆಯ ಇಂಜೆಕ್ಷನ್ ಕೊಟ್ಟರು. ಎಚ್ಚರವಾದಾಗ ನರ್ಸು ಒಂದು ಕಪ್ ಟೀ ಮತ್ತು ಎರಡು ಹಾಳೆ ಕೊಟ್ಟರು. ಮೊದಲ ಹಾಳೆಯಲ್ಲಿ ಫಲಿತಾಂಶ: ಹುಣ್ಣಿಲ್ಲ, ಗಾಯವಿಲ್ಲ, ಆಮ್ಲದಿಂದ ಸುಟ್ಟ ಗುರುತಿಲ್ಲ, ಅನ್ನನಾಳದಲ್ಲಿ ಸ್ವಲ್ಪ ದ್ರವ ನಿಂತಿತ್ತು, ಜಠರಕ್ಕೆ ಇಳಿಯುವ ಜಾಗ ತುಸು ಬಿಗಿ. ಒಟ್ಟಿನಲ್ಲಿ ನಾರ್ಮಲ್. ಎರಡನೆಯ ಹಾಳೆ ಅಚ್ಚು ಹಾಕಿದ್ದು, ಎಲ್ಲರಿಗೂ ಕೊಡುವಂಥದು. ಮಸಾಲೆ ಬಿಡಿ, ಕಾಫಿ ಬಿಡಿ, ತೂಕ ಇಳಿಸಿ. ತೂಕ ಇಳಿಸಿ! ಎಲುಬು ಎಣಿಸುವಂತಿದ್ದ ನನ್ನ ಕೈಯಲ್ಲಿ ಆ ಹಾಳೆ.

ನಾರ್ಮಲ್ ಎಂಬ ಪದದ ಮೇಲೆ ನನಗಾದ ಸಿಟ್ಟು ಈಗಲೂ ತಣಿದಿಲ್ಲ. ಆಮೇಲೆ ತಿಳಿದುಕೊಂಡಂತೆ, ನಿಜವಾದ ರಿಫ್ಲಕ್ಸ್ ಇರುವ ಎಷ್ಟೋ ಜನಕ್ಕೂ ಎಂಡೋಸ್ಕೋಪಿ ನಾರ್ಮಲ್ಲೇ ಬರುತ್ತದೆ. ಕ್ಯಾಮೆರಾ ಗೋಡೆಯನ್ನು ನೋಡುತ್ತದೆ. ಕೊಳವೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ಅದರ ಕೈಲಾಗದು. ಅದಕ್ಕೆ ಬೇರೆ ಪರೀಕ್ಷೆಗಳಿವೆ. ಹಾಗಿದ್ದ ಮೇಲೆ ನಾರ್ಮಲ್ ಬಂದ ಕೂಡಲೇ ಮುಂದಿನ ಪರೀಕ್ಷೆಗೆ ಹೋಗಬೇಕಿತ್ತು. ಅವರು ಹೋದದ್ದು ನನ್ನ ಮನಸ್ಸಿನ ಕಡೆಗೆ.

ಹೊಟ್ಟೆರೋಗದ ತಜ್ಞರ ಭೇಟಿಗೆ ಬೆಳಗ್ಗೆ ಹನ್ನೊಂದೂವರೆಗೆ ಕರೆದಿದ್ದರು. ಅಲ್ಲಿಂದ ನೇರ ಆಫೀಸಿಗೆ ಹೋಗುವವಳಾದ್ದರಿಂದ ಊಟದ ಡಬ್ಬಿ ಬ್ಯಾಗಿನಲ್ಲಿತ್ತು. ಗಂಡನೂ ಬಂದಿದ್ದ. ತಜ್ಞರು ಐವತ್ತು ದಾಟಿದವರು, ಮೃದು ಮಾತಿನವರು. ಫೈಲು ತಿರುವಿದರು.

"ಸ್ಕೋಪ್ ಚೆನ್ನಾಗಿದೆ, ಹೃದಯ ಚೆನ್ನಾಗಿದೆ. ಮಾತ್ರೆ ಪೂರ್ತಿ ಪ್ರಮಾಣದಲ್ಲಿ ಕೊಟ್ಟಾಗಿದೆ. ಕೆಲವರಿಗೆ ಅನ್ನನಾಳ ತುಂಬ ಸೂಕ್ಷ್ಮ ಇರತ್ತೆ, ಸಣ್ಣದೂ ದೊಡ್ಡ ನೋವಾಗಿ ಕಾಣತ್ತೆ. ಮನಸ್ಸಿನ ಒತ್ತಡ ಅದನ್ನ ಹೆಚ್ಚು ಮಾಡತ್ತೆ. ಅದಕ್ಕೊಂದು ಸಣ್ಣ ಪ್ರಮಾಣದ ಔಷಧಿ ಇದೆ. ಊಟದಲ್ಲಿ ಮಸಾಲೆ ಹೇಗೆ?"

ನಾನು ಬರೆದಿಟ್ಟ ಹಾಳೆಗಳನ್ನು ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ನೋಡದೆ ಬೆರಳಿನಿಂದ ಪಕ್ಕಕ್ಕೆ ಸರಿಸಿದರು, ಒರಟಾಗಿ ಅಲ್ಲ, ಟೀ ಕಪ್ಪು ಸರಿಸುವ ಹಾಗೆ. ಆ ಕ್ಷಣದಲ್ಲಿ ನನ್ನ ತಾಳ್ಮೆ ಮುಗಿಯಿತು.

"ಡಾಕ್ಟರ್, ಎರಡು ವರ್ಷದಿಂದ ಎಲ್ಲರೂ ನಾನು ಏನು ತಿಂತೀನಿ ಅಂತ ಕೇಳ್ತಿದ್ದೀರಿ. ಹೇಗೆ ತಿಂತೀನಿ ಅಂತ ಒಬ್ಬರೂ ಕೇಳಿಲ್ಲ. ಈಗ ನೋಡಿ."

ಡಬ್ಬಿ ತೆಗೆದೆ. ಗಂಡ ನನ್ನ ಮೊಣಕೈ ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದ, "ಏಯ್, ಇಲ್ಲೆಲ್ಲ ಬೇಡ ಕಣೇ."

"ನೀವು ಸುಮ್ನಿರಿ" ಎಂದೆ.

ಒಂದು ಚಪಾತಿ, ಹುರುಳಿಕಾಯಿ ಪಲ್ಯ. ಒಂದು ತುಂಡು ಮುರಿದು ಬಾಯಿಗಿಟ್ಟು ಚೆನ್ನಾಗಿ ಅಗಿದು ನುಂಗಿದೆ. ಕೋಣೆಯಲ್ಲಿ ಪಲ್ಯದ ಒಗ್ಗರಣೆಯ ವಾಸನೆ ತುಂಬಿಕೊಂಡಿತು. ಎರಡನೆಯ ತುಂಡಿಗೇ ಎದೆಯಲ್ಲಿ ನಿಂತಿತು. ನನಗೆ ಬೇಕಿದ್ದದ್ದೂ ಅದೇ. ಎದ್ದು ನಿಂತೆ, ಭುಜ ಹಿಂದಕ್ಕೆ ಎಳೆದೆ, ಕತ್ತು ಎತ್ತಿದೆ, ನೀರು ಕುಡಿದೆ. ನೀರೂ ಮೇಲೆ ನಿಂತು ಗೊಳಗೊಳ ಎಂದಿತು. ಆ ಶಬ್ದ ಅವರಿಗೂ ಕೇಳಿಸಿತು. ಕಣ್ಣಲ್ಲಿ ನೀರು ಬಂತು. ಕಾಯುತ್ತ ನಿಂತೆ. ಮೂವರೂ ಕಾದೆವು. ಕೊನೆಗೂ ಇಳಿಯಲಿಲ್ಲ, ಪಕ್ಕದ ಸಿಂಕಿಗೆ ಬಗ್ಗಿ ತುಂಡನ್ನು ಹಾಗೇ ಹೊರಗೆ ಬಿಟ್ಟೆ. ಬಾಯಿ ತೊಳೆದು ಬಂದು ಕೂತೆ.

ತಜ್ಞರು ಪೆನ್ನು ಕೆಳಗಿಟ್ಟಿದ್ದರು.

"ಪ್ರತಿ ಊಟಕ್ಕೂ ಹೀಗೇನಾ?"

"ಪ್ರತಿ ತುತ್ತಿಗೂ."

"ಎಷ್ಟು ದಿನದಿಂದ?"

"ಆ ಹಾಳೇಲಿದೆ" ಎಂದೆ.

ಆಗ ಅವರು ಹಾಳೆ ಎತ್ತಿಕೊಂಡು ಓದಿದರು. ಪೂರ್ತಿ ಓದಿದರು, ಹೊರಗೆ ಕಾಯುವವರು ಕಾಯುತ್ತಿದ್ದರೂ. ಆಮೇಲೆ ಎರಡು ಪರೀಕ್ಷೆ ಬರೆದು, ಬೇಗ ಆಗಲಿ ಎಂದು ತಾವೇ ಫೋನ್ ಮಾಡಿದರು. ಫೋನಿನಲ್ಲಿ ಮಾತಾಡುವಾಗ ಅವರ ಕಿವಿ ಕೆಂಪಾಗಿತ್ತು.

ಎರಡು ವರ್ಷ ಅಲೆದಾಡಿದ್ದಕ್ಕೆ ಉತ್ತರ ಮೂರು ವಾರದಲ್ಲಿ ಸಿಕ್ಕಿತು. ಮೊದಲಿನದು ಬೇರಿಯಂ ಪರೀಕ್ಷೆ. ಸುಣ್ಣದಂಥ ಬಿಳಿ ದ್ರವವನ್ನು ಕುಡಿಸಿ, ಅದು ಇಳಿಯುವುದನ್ನು ಎಕ್ಸ್‌ರೇಯಲ್ಲಿ ನೋಡುತ್ತಾರೆ. ನನ್ನದು ಇಳಿಯಲಿಲ್ಲ. ಪರದೆಯ ಮೇಲೆ ಬಿಳಿಯ ಕಂಬವೊಂದು ಎದೆಯಲ್ಲಿ ನಿಂತಿತ್ತು, ಅದರ ತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ, ಒಂದು ಎಳೆಯಷ್ಟೇ ಕೆಳಗೆ ಜಿನುಗುತ್ತಿತ್ತು.

ಎರಡನೆಯದು ಒತ್ತಡ ಅಳೆಯುವುದು. ಮೂಗಿನಿಂದ ಒಂದು ತೆಳ್ಳನೆಯ ನಳಿಗೆಯನ್ನು ಜಠರದವರೆಗೆ ಇಳಿಸಿ, ಗುಟುಕು ಗುಟುಕಾಗಿ ನೀರು ಕುಡಿಸುತ್ತಾರೆ. ನಿದ್ದೆ ಬರಿಸುವಂತಿಲ್ಲ. ನಳಿಗೆ ಗಂಟಲ ತಿರುವಿನಲ್ಲಿ ಹೋಗುವಾಗ ನಾನು ಕುರ್ಚಿಯ ಕೈ ಹಿಡಿದು ಒದ್ದಾಡಿದೆ. ಪರೀಕ್ಷೆ ಮಾಡಿದವಳು ಪಕ್ಕದ ಕೆರಿ ಜಿಲ್ಲೆಯ ಹೆಂಗಸು, ನನ್ನದೇ ವಯಸ್ಸಿನವಳು. "ನನ್ನನ್ನ ಬೈದ್ಕೊಳ್ಳಿ, ಪರವಾಗಿಲ್ಲ. ನಿಮ್ಮ ಭಾಷೇಲೇ ಬೈರಿ" ಎಂದಳು. ನಾನು ನಿಜವಾಗಿಯೂ ಬೈದೆ. ಅವಳು ನಕ್ಕಳು. ಆಮೇಲೆ ಹತ್ತು ಗುಟುಕು. ಪ್ರತಿ ಗುಟುಕಿಗೂ ಪರದೆಯ ಮೇಲೆ ಬಣ್ಣಗಳು. ಆರೋಗ್ಯವಾಗಿರುವ ಅನ್ನನಾಳದಲ್ಲಿ ಒಂದು ಅಲೆ ಮೇಲಿನಿಂದ ಕೆಳಗೆ ಇಳಿದು, ಕೆಳಗಿನ ಬಾಗಿಲು ತೆರೆಯುತ್ತದಂತೆ. ನನ್ನಲ್ಲಿ ಅಲೆಯೇ ಇರಲಿಲ್ಲ. ಕೆಳಗಿನ ಬಾಗಿಲು ಹತ್ತು ಸಲವೂ ಮುಚ್ಚಿಯೇ ಇತ್ತು.

ಪಕ್ಕದ ಮೇಜಿನ ಮೇಲೆ ಒಂದು ಚಿಕ್ಕ ಪೆಟ್ಟಿಗೆಯಿತ್ತು. ಆಮ್ಲ ನಿಜವಾಗಿಯೂ ಮೇಲೆ ಬರುತ್ತಿದೆಯೇ ಎಂದು ಇಪ್ಪತ್ನಾಲ್ಕು ಗಂಟೆ ಅಳೆಯುವ ಯಂತ್ರ ಅದು. ಮೂಗಿನ ನಳಿಗೆಗೆ ಜೋಡಿಸಿ ಸೊಂಟಕ್ಕೆ ಕಟ್ಟಿ ಮನೆಗೆ ಕಳಿಸುತ್ತಾರೆ. ಊಟ ಮಾಡಿದಾಗ, ಮಲಗಿದಾಗ, ನೋವಾದಾಗ ಗುಂಡಿ ಒತ್ತಬೇಕು. "ಇದನ್ನೂ ಕಟ್ಟಬೇಕಿತ್ತು" ಎಂದಳು. "ಈಗ ಬೇಡ ಅನ್ಸತ್ತೆ. ಡಾಕ್ಟರನ್ನ ಕೇಳಿ ಬರ್ತೀನಿ. ಏನು ಅಂತ ನಾನು ಹೇಳೋ ಹಾಗಿಲ್ಲ." ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಒಂದು ಮಾತ್ರ ಹೇಳ್ತೀನಿ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ."

ಆ ಮಾತು ಕೇಳಿ, ಕೆನ್ನೆಗೆ ಅಂಟಿಸಿದ್ದ ನಳಿಗೆಯ ಮೇಲೆ ಕಣ್ಣೀರು ಇಳಿಯಿತು.

ಕಾಯಿಲೆಯ ಹೆಸರು ಅಕಲೇಸಿಯಾ. ಅನ್ನನಾಳದ ನರಗಳು ಕೆಲಸ ನಿಲ್ಲಿಸಿ, ಕೆಳಗಿನ ಬಾಗಿಲು ಸಡಿಲವಾಗುವುದನ್ನೇ ಮರೆಯುವ ರೋಗ. ನನಗಿದ್ದದ್ದು ಮೇಲೆ ಬರುವ ಕಾಯಿಲೆಯಲ್ಲ, ಕೆಳಗೆ ಹೋಗದ ಕಾಯಿಲೆ. ಎರಡು ವರ್ಷ ನುಂಗಿದ ಮಾತ್ರೆಗಳಲ್ಲಿ ಎಷ್ಟೋ ಅನ್ನನಾಳದಲ್ಲೇ ಕರಗಿಹೋಗಿರಬೇಕು ಎಂದು ತಜ್ಞರೇ ಹೇಳಿದರು. ಇದು ಅಪರೂಪ, ಮೊದಲಿಗೆ ರಿಫ್ಲಕ್ಸಿನ ಹಾಗೆಯೇ ಕಾಣುತ್ತದೆ ಎಂದೂ ಹೇಳಿದರು. ಅಪರೂಪ ಎನ್ನುವುದು ಅವರಿಗೆ. ನನಗೆ ಇದ್ದದ್ದು ಒಂದೇ ಅನ್ನನಾಳ.

ಹೊಟ್ಟೆಯಲ್ಲಿ ಐದು ಸಣ್ಣ ತೂತು ಮಾಡಿ, ಆ ಬಾಗಿಲಿನ ಸ್ನಾಯುವನ್ನು ಕತ್ತರಿಸಿ ಸಡಿಲ ಮಾಡಿದರು. ಕೆಲವು ವಾರ ಗಂಜಿ, ಸೂಪು, ಮೊಸರು. ಆಮೇಲೆ ಒಂದು ಭಾನುವಾರ ಬೆಳಗ್ಗೆ ಗಂಡ ಇಡ್ಲಿ ಮಾಡಿದ. ಹಿಟ್ಟು ಇಲ್ಲಿನ ಚಳಿಗೆ ಸರಿಯಾಗಿ ಉಬ್ಬಿರಲಿಲ್ಲ, ಇಡ್ಲಿ ಗಟ್ಟಿಯಾಗಿತ್ತು. ಮಗಳು ಎದುರು ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಒಂದು ತುತ್ತು ನುಂಗಿದೆ. ಹೋಯಿತು. ಎಲ್ಲಿಯೂ ನಿಲ್ಲದೆ, ನೀರಿಲ್ಲದೆ, ಕೂತಲ್ಲೇ. ಊಟ ಮಾಡುವುದೆಂದರೆ ಇಷ್ಟು ಸುಮ್ಮನೆ ಆಗುವ ಕೆಲಸ ಎಂಬುದನ್ನೇ ಮರೆತಿದ್ದೆ. ನಾಲ್ಕು ಇಡ್ಲಿ ತಿಂದೆ.

ಆಪರೇಷನ್ ಆಗಿ ಐದಾರು ತಿಂಗಳ ಮೇಲೆ, ಬಟ್ಟೆ ತೊಳೆಯುವ ಮಷೀನಿಗೆ ಬಗ್ಗಿದ್ದಾಗ, ಎದೆಯಲ್ಲಿ ಕೆಂಡ ಏರಿದಂತಾಗಿ ಗಂಟಲಿಗೆ ಹುಳಿನೀರು ಬಂತು. ಬಾಗಿಲು ಸಡಿಲವಾದ ಮೇಲೆ ಹೀಗಾಗಬಹುದು ಎಂದು ಅವರು ಮೊದಲೇ ಎಚ್ಚರಿಸಿದ್ದರು. ನಾನು ನೆಲದ ಮೇಲೆ ಕೂತು, ಒದ್ದೆ ಬಟ್ಟೆ ಮಡಿಲಲ್ಲಿಟ್ಟುಕೊಂಡು, ಜೋರಾಗಿ ನಕ್ಕುಬಿಟ್ಟೆ. ಇದೇನಾ ಅದು? ಇಷ್ಟು ವರ್ಷ ಯಾವುದಕ್ಕೆ ಔಷಧಿ ತಿಂದೆನೋ ಆ ಆಸಿಡ್ ರಿಫ್ಲಕ್ಸನ್ನು ನಾನು ಮೊದಲ ಸಲ ಭೇಟಿಯಾದದ್ದು ಅವತ್ತು. ನಾನು ಸಹಿಸಿದ್ದಕ್ಕೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ನಗು ನಿಂತ ಮೇಲೆ ಸಿಟ್ಟು ಮತ್ತೆ ಹೊಸದಾಗಿ ಹತ್ತಿತು.

ಗಂಡ "ಬಿಡು, ಈಗ ಸರಿ ಹೋಯ್ತಲ್ಲ" ಎಂದ. ಬಿಡಲಿಲ್ಲ. ಎರಡು ಪುಟದ ದೂರು ಬರೆದು ಆಸ್ಪತ್ರೆಗೂ ಕ್ಲಿನಿಕ್ಕಿಗೂ ಕಳಿಸಿದೆ. ಆಸ್ಪತ್ರೆಯ ಉತ್ತರ ಬಂತು: ನಿಮಗೆ ಬೇಸರ ಅನ್ನಿಸಿದ್ದಕ್ಕೆ ವಿಷಾದಿಸುತ್ತೇವೆ ಎಂದು. ನನಗೆ ಅನ್ನಿಸಿದ್ದಕ್ಕಂತೆ! ಅವರು ಮಾಡಿದ್ದಕ್ಕಲ್ಲ.

ಕ್ಲಿನಿಕ್ಕಿನಿಂದ ಪತ್ರ ಬರಲಿಲ್ಲ, ಮೊದಲು ನೋಡಿದ ಡಾಕ್ಟರೇ ಫೋನ್ ಮಾಡಿದರು. "ನಿಮ್ಮ ಫೈಲನ್ನ ಮೊದಲಿಂದ ಓದಿದೆ. ಎರಡನೇ ಸಲ ಮಾತ್ರೆ ಕೆಲಸ ಮಾಡದೇ ಇದ್ದಾಗ, ತೂಕ ಇಳೀತಾ ಇದ್ದಾಗ, ನಾನು ನಿಲ್ಲಿಸಿ ಕೇಳಬೇಕಿತ್ತು. ಕೇಳಲಿಲ್ಲ. ಕ್ಷಮಿಸಿ" ಎಂದರು. ನೇರ ಮಾತು. ಬೈಯಲು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಹಾಗೇ ಉಳಿದವು. "ಫೈಲಲ್ಲಿ ನನ್ನ ಊಟದ ಬಗ್ಗೆ ಬರೆದಿದ್ದನ್ನ ತಿದ್ದಿ" ಎಂದಷ್ಟೇ ಹೇಳಿದೆ. ತಿದ್ದುತ್ತೇನೆ ಎಂದರು, ತಿದ್ದಿದ ಪ್ರತಿಯನ್ನೂ ಕಳಿಸಿದರು. ನಾನು ಅವರನ್ನು ಕ್ಷಮಿಸಿದ್ದೇನೆ. ಆದರೆ ಕ್ಷಮಿಸಿದ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ ಎಂಬುದೂ ಗೊತ್ತಾಯಿತು. ಇಂಗ್ಲಿಷ್ ಬರುವ, ಓದಿದ, ಜಗಳಕ್ಕೆ ನಿಲ್ಲಬಲ್ಲ ನನಗೇ ಇಷ್ಟು ಹಿಡಿದರೆ, ಇದು ಯಾವುದೂ ಇಲ್ಲದವರ ಗತಿಯೇನು?

ನಾನು ಈಗ ಎಲ್ಲವನ್ನೂ ತಿನ್ನುತ್ತೇನೆ, ನಿಧಾನವಾಗಿ. ಆಫೀಸಿನ ಊಟದ ಮೇಜಿನಲ್ಲಿ ಎಲ್ಲರೂ ಎದ್ದುಹೋದ ಮೇಲೂ ನನ್ನ ತಟ್ಟೆಯಲ್ಲಿ ಅರ್ಧ ಉಳಿದಿರುತ್ತದೆ. ಮೊದಲೆಲ್ಲ ನಾಚಿಕೊಂಡು ಡಬ್ಬಿ ಮುಚ್ಚುತ್ತಿದ್ದೆ. ಈಗ ಮುಚ್ಚುವುದಿಲ್ಲ. ಮೀಟಿಂಗಿಗೆ ಕರೆಯಲು ಬಂದವರಿಗೆ, "ಇನ್ನೂ ಊಟ ಆಗ್ತಾ ಇದೆ, ಕಾಯಿರಿ" ಎನ್ನುತ್ತೇನೆ.